ಬಣ್ಣಗಳು ಗುಂಪು ಕಟ್ಟಿದ್ದು ಯಾಕೆ? ಒಂದು ಸ್ವೆಟರಿನ ಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯ ನಿಟ್ಟುವಳ್ಳಿಯವಳು. ನಾಲ್ಕು ವರ್ಷದ ಮಗಳಿಗೆ ಕ್ರೋಶಾದಲ್ಲಿ ತೋಳಿಲ್ಲದ ಸ್ವೆಟರ್ ಹಾಕುತ್ತಿದ್ದೇನೆ. ಚೌಕಿಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಐದು ಉಂಡೆ ಮಲ್ಟಿಕಲರ್ ಉಲ್ಲನ್ ತಂದೆ. ಕೆಂಪು, ಹಳದಿ, ಹಸಿರು, ನೀಲಿ ಒಂದಾದ ಮೇಲೊಂದು ಬರುತ್ತವೆ. 4 ಎಂಎಂ ಕೊಕ್ಕೆ ಕಡ್ಡಿ, ಪೂರ್ತಿ ಸಿಂಗಲ್ ಕ್ರೋಶಾ (ಗಿಡ್ಡ ಸ್ಟಿಚ್). ಬೆನ್ನಿನ ಭಾಗವನ್ನು 45 ಸ್ಟಿಚ್‌ನಿಂದ ಶುರು ಮಾಡಿದೆ. ಕಂಕುಳವರೆಗೂ ಬಣ್ಣಗಳು ಚೆನ್ನಾಗಿ ಬೆರೆತು ಬಂದವು. ಅಲ್ಲಿಂದ ಎರಡೂ ಕಡೆ ಕಡಿಮೆ ಮಾಡಿ 35ಕ್ಕೆ ಇಳಿಸಿದೆ ನೋಡಿ, ಎಡಗಡೆ ಬರೀ ಕೆಂಪು–ನೀಲಿ, ಬಲಗಡೆ ಬರೀ ಹಳದಿ–ಹಸಿರು ಗುಂಪು ಕಟ್ಟಿಕೊಂಡಿವೆ. ಅಂಗಡಿಯವರು ಬೇರೆ ಬೇರೆ ಮಾಲಿನ ಉಂಡೆ ಸೇರಿಸಿ ಕೊಟ್ಟರಾ? ಅತ್ತೆಯವರು “ಅಗ್ಗದ ದಾರ, ಬಿಸಾಕಿ ಒಳ್ಳೇದು ತಗೋ” ಅನ್ನುತ್ತಾರೆ. ಎಲ್ಲಾ ಬಿಚ್ಚಬೇಕಾ? ಇನ್ನೊಂದು ವಿಷಯ. ಮಗಳು ಕತ್ತಿನ ಹತ್ತಿರ ಚುಚ್ಚುತ್ತೆ ಅಂತಾಳೆ. ಮೆತ್ತಗೆ ಮಾಡೋದು ಹೇಗೆ?

ಉತ್ತರ: ಬಿಚ್ಚಿ, ಆದರೆ ಕಂಕುಳವರೆಗೆ ಮಾತ್ರ. ಕೆಳಗಿನದನ್ನು ಮುಟ್ಟಬೇಡಿ. ದಾರ ಬಿಸಾಕುವುದೂ ಬೇಡ. ಅಂಗಡಿಯವರ ಜೊತೆ ಜಗಳಕ್ಕೂ ಹೋಗಬೇಡಿ, ಇದರಲ್ಲಿ ಅವರ ತಪ್ಪಿಲ್ಲ.

ನೀವು ಪತ್ರದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ಯಾವ ಬಣ್ಣ ಯಾವ ಕಡೆ ಸೇರಿತು ಅಂತ ಬರೆದಿದ್ದೀರಿ. ಜಾಸ್ತಿ ಜನ “ಬಣ್ಣ ಗಲೀಜಾಗಿ ಬಂತು” ಅಂತಷ್ಟೇ ಬರೆಯುತ್ತಾರೆ, ನಾನು ಏನಂತ ಹೇಳಲಿ? ಒಂದು ಕಡೆ ಕೆಂಪು–ನೀಲಿ, ಇನ್ನೊಂದು ಕಡೆ ಹಳದಿ–ಹಸಿರು ಅಂದ ಕೂಡಲೇ ಕಾರಣ ಗೊತ್ತಾಯಿತು. ಬೇರೆ ಮಾಲಿನ ಉಂಡೆ ಸೇರಿದ್ದರೆ ಬಣ್ಣಗಳು ಹೀಗೆ ಶಿಸ್ತಾಗಿ ಎರಡು ಪಾಲಾಗುತ್ತಿರಲಿಲ್ಲ. ಒಂದು ಸಾಲಿನಿಂದ ಮೇಲಕ್ಕೆ ಇಡೀ ಸ್ವೆಟರೇ ಮಾಸಲಾಗಿಯೋ ಗಾಢವಾಗಿಯೋ ಕಾಣುತ್ತಿತ್ತು.

ಮಲ್ಟಿಕಲರ್ ದಾರದಲ್ಲಿ ಬಣ್ಣಗಳು ಸುಮ್ನೆ ಮನಸ್ಸಿಗೆ ಬಂದ ಹಾಗೆ ಇರುವುದಿಲ್ಲ. ದಾರವನ್ನು ದೊಡ್ಡ ಬಳೆಯ ಹಾಗೆ ಲಡಿಯಾಗಿ ಸುತ್ತಿ, ಲಡಿಯ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಕೊಡುವುದು ಇದರ ಹಳೇ ಕ್ರಮ. ಆಮೇಲೆ ಆ ಲಡಿಯನ್ನು ಬಿಡಿಸಿ ಉಂಡೆ ಮಾಡಿದರೆ, ಲಡಿಯ ಸುತ್ತಳತೆ ಎಷ್ಟೋ ಅಷ್ಟು ಉದ್ದಕ್ಕೊಮ್ಮೆ ಅದೇ ಬಣ್ಣಗಳು ಅದೇ ಕ್ರಮದಲ್ಲಿ ಮತ್ತೆ ಬರುತ್ತವೆ. ಮಿಲ್ಲಿನ ಊರಿನವರಾದ ನಮಗೆ ಲಡಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಮನೆಗೊಬ್ಬರಾದರೂ ಮಿಲ್ಲಿಗೆ ಹೋಗುವವರಿದ್ದ ಓಣಿಗಳೇ ಇಲ್ಲಿದ್ದವು. ಆ ಒಂದು ಉದ್ದವನ್ನು ನಾನು ಬಣ್ಣದ ಸರದಿ ಅನ್ನುತ್ತೇನೆ. ಕೆಂಪು ಶುರುವಾದ ಜಾಗದಿಂದ ಮತ್ತೆ ಕೆಂಪು ಶುರುವಾಗುವವರೆಗೆ ಒಂದು ಸರದಿ.

ನನ್ನ ಪೆಟ್ಟಿಗೆಯಲ್ಲಿ ನಿಮ್ಮ ದಾರದಂಥದ್ದೇ ನಾಲ್ಕು ಬಣ್ಣದ ಉಂಡೆ ಇತ್ತು. ಟೇಪು ಹಿಡಿದು ಅಳೆದೆ. ಒಂದು ಸರದಿ 2 ಮೀಟರ್ 80 ಸೆಂ.ಮೀ. ಅಂದರೆ ಒಂದೊಂದು ಬಣ್ಣಕ್ಕೆ 70 ಸೆಂ.ಮೀ. ಆಮೇಲೆ 4 ಎಂಎಂ ಕಡ್ಡಿಯಲ್ಲಿ ಹತ್ತು ಸಿಂಗಲ್ ಹಾಕಿ, ಶುರುವಿಗೂ ಕೊನೆಗೂ ದಾರಕ್ಕೆ ಗುರುತು ಕಟ್ಟಿ, ಬಿಚ್ಚಿ ಅಳೆದೆ. 40 ಸೆಂ.ಮೀ. ಬಂತು. ಒಂದು ಸ್ಟಿಚ್‌ಗೆ 4 ಸೆಂ.ಮೀ. ದಾರ.

ಈಗ ನಿಮ್ಮ ಸಂಖ್ಯೆಗಳನ್ನು ಇದಕ್ಕೆ ಹೊಂದಿಸಿ ನೋಡೋಣ. 35 ಸ್ಟಿಚ್‌ನ ಒಂದು ಸಾಲಿಗೆ 140 ಸೆಂ.ಮೀ. ಹೋಗಿ ಬರುವ ಎರಡು ಸಾಲಿಗೆ 280. ಸರಿಯಾಗಿ ಒಂದು ಸರದಿ!

ಇದರಿಂದ ಏನಾಗುತ್ತದೆ ಅಂದರೆ, ಎಡದಿಂದ ಬಲಕ್ಕೆ ಹೋಗುವಾಗ ಮೊದಲರ್ಧ ಕೆಂಪು, ಉಳಿದರ್ಧ ಹಳದಿ. ತಿರುಗಿ ಬಲದಿಂದ ಎಡಕ್ಕೆ ಬರುವಾಗ ಮೊದಲರ್ಧ ಹಸಿರು. ಅದು ಹೋಗಿ ಕೂರುವುದು ಹಳದಿಯ ತಲೆಯ ಮೇಲೆ. ಉಳಿದರ್ಧ ನೀಲಿ. ಅದು ಕೆಂಪಿನ ಮೇಲೆ. ಅಷ್ಟಕ್ಕೆ ಸರದಿ ಮುಗಿಯಿತು, ನೀವೂ ಮತ್ತೆ ಎಡ ಅಂಚಿಗೆ ಬಂದು ನಿಂತಿದ್ದೀರಿ. ಮೂರನೇ ಸಾಲು ಮತ್ತೆ ಕೆಂಪಿನಿಂದಲೇ ಶುರು. ಹೀಗೆ ಎಷ್ಟು ಸಾಲು ಹಾಕಿದರೂ ಎಡಕ್ಕೆ ಕೆಂಪು–ನೀಲಿ, ಬಲಕ್ಕೆ ಹಳದಿ–ಹಸಿರು. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ.

ಹಾಗಾದರೆ ಕೆಳಗೆ 45 ಸ್ಟಿಚ್ ಇದ್ದಾಗ ಯಾಕೆ ಚೆನ್ನಾಗಿ ಬಂತು? ಎರಡು ಸಾಲಿಗೆ 360 ಸೆಂ.ಮೀ. ಸರದಿ ಮುಗಿದ ಮೇಲೆ ಇನ್ನೂ 80 ಸೆಂ.ಮೀ. ಮುಂದಕ್ಕೆ ಹೋಯಿತು. ಪ್ರತಿ ಎರಡು ಸಾಲಿಗೊಮ್ಮೆ ಬಣ್ಣ 20 ಸ್ಟಿಚ್‌ನಷ್ಟು ಜಾಗ ಬದಲಿಸಿತು. ಕಣ್ಣಿಗೆ ಒಂದು ಕಡೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ, ಚೆನ್ನಾಗಿ ಬೆರೆತ ಹಾಗೆ ಕಂಡಿತು. ಹಾಗೆ ಬಂದದ್ದು ನಿಮ್ಮ ಅದೃಷ್ಟ. 35ಕ್ಕೆ ಇಳಿಸಿದಾಗ ಅದೃಷ್ಟ ಕೈಕೊಟ್ಟಿತು, ಅಷ್ಟೇ.

ನಿಮ್ಮ ಉಂಡೆಯನ್ನು ನೀವೇ ಒಮ್ಮೆ ಅಳೆಯಿರಿ. ನಿಮ್ಮ ಕೈ ನನ್ನ ಕೈಗಿಂತ ಬಿಗಿ ಇರಬಹುದು, ಸಡಿಲ ಇರಬಹುದು. ಸಾಲು ತಿರುಗಿಸುವಾಗ ಹಾಕುವ ಒಂದು ಚೈನ್‌ಗೂ (ಸರಪಳಿ ಕುಣಿಕೆಗೂ) ಸ್ವಲ್ಪ ದಾರ ಹೋಗುತ್ತದೆ. ಹಾಗಾಗಿ ಗುಂಪು ನೇರ ಕಂಬದ ಹಾಗೆ ನಿಲ್ಲದೆ ಸ್ವಲ್ಪ ಓರೆಯಾಗಿ ಸರಿಯುತ್ತಲೂ ಇರಬಹುದು. ಆದರೆ ಲೆಕ್ಕದ ಜೀವಾಳ ಇಷ್ಟೇ: ಹೋಗಿ ಬರುವ ಎರಡು ಸಾಲಿನ ದಾರ ಒಂದು ಸರದಿಗೆ, ಅಥವಾ ಎರಡು, ಮೂರು ಸರದಿಗೆ ಸಮ ಆದರೆ ಬಣ್ಣ ಗುಂಪು ಕಟ್ಟುತ್ತದೆ. ನನ್ನ ಉಂಡೆಗೆ ಆ ಅಪಾಯದ ಸಂಖ್ಯೆಗಳು 35, 70, 105. ಅವುಗಳಿಂದ ಈ ಕಡೆಗೋ ಆ ಕಡೆಗೋ ಐದು ಸ್ಟಿಚ್ ದೂರ ಇದ್ದರೆ ಸಾಕು.

ಸ್ವೆಟರಿನಲ್ಲಿ ಹಾಗೆ ದೂರ ಇರುವುದು ಕಷ್ಟ, ನನಗೂ ಗೊತ್ತು. ಶಾಲು ಆಗಿದ್ದರೆ ಐದು ಸ್ಟಿಚ್ ಸೇರಿಸಿ ಅಂತ ಹೇಳಿ ಮುಗಿಸುತ್ತಿದ್ದೆ. ಮಗುವಿನ ಬೆನ್ನಿನ ಅಳತೆ ಇರುವುದೇ 35. ಅದನ್ನು 40 ಮಾಡಿದರೆ ಭುಜ ಜೋತು ಬೀಳುತ್ತದೆ. ಕಡ್ಡಿಯನ್ನು 3.5ಕ್ಕೆ ಬದಲಿಸಿದರೆ ಸ್ಟಿಚ್‌ಗೆ ಹೋಗುವ ದಾರ ಕಡಿಮೆಯಾಗಿ ಗುಂಪೇನೋ ಒಡೆಯುತ್ತದೆ. ಆದರೆ ಭುಜ ಬಿಗಿಯಾಗುತ್ತದೆ, ಮೊದಲೇ ಚುಚ್ಚುತ್ತೆ ಅನ್ನುವ ಮಗು ಹಾಕಿಕೊಳ್ಳುವುದೇ ಇಲ್ಲ.

ನಿಮಗೆ ಸರಿಹೋಗುವುದು ಎರಡು ಉಂಡೆಯ ಉಪಾಯ. ಕಂಕುಳವರೆಗೆ ಬಿಚ್ಚಿದ ಮೇಲೆ ಒಂದು ಉಂಡೆಯಲ್ಲಿ ಎರಡು ಸಾಲು, ಇನ್ನೊಂದು ಉಂಡೆಯಲ್ಲಿ ಎರಡು ಸಾಲು, ಹೀಗೆ ಬದಲಿಸುತ್ತಾ ಹೋಗಿ. ಎರಡೆರಡು ಸಾಲು ಯಾಕೆಂದರೆ ಎರಡೂ ದಾರ ಒಂದೇ ಅಂಚಿನಲ್ಲಿ ಕಾಯುತ್ತಾ ನಿಂತಿರುತ್ತವೆ, ಕತ್ತರಿಸಿ ಗಂಟು ಹಾಕುವ ಕೆಲಸವಿಲ್ಲ. ಸುಮ್ನೆ ಅಂಚಿನಲ್ಲಿ ಮೇಲಕ್ಕೆ ತಂದುಕೊಂಡರೆ ಆಯಿತು. ಜಾಸ್ತಿ ಎಳೆಯಬೇಡಿ, ಅಂಚು ಸುರುಟಿಕೊಳ್ಳುತ್ತದೆ.

ಇದನ್ನು ತುಂಬ ಜನ ಹೇಳಿಕೊಡುತ್ತಾರೆ. ಆದರೆ ಅರ್ಧ ಮಾತ್ರ ಹೇಳಿಕೊಡುತ್ತಾರೆ. ಎರಡನೇ ಉಂಡೆಯನ್ನೂ ಕೆಂಪಿನಿಂದಲೇ ಶುರು ಮಾಡಿದರೆ ಏನು ಬಂತು? ಅದೂ ಎಡಕ್ಕೆ ಕೆಂಪು–ನೀಲಿಯನ್ನೇ ತಂದು ಹಾಕುತ್ತದೆ. ನಿಮ್ಮ ಗುಂಪು ಇನ್ನೂ ಗಟ್ಟಿಯಾಗುತ್ತದೆ. ಎರಡನೇ ಉಂಡೆಯನ್ನು ಸರದಿಯ ಅರ್ಧದಿಂದ ಶುರು ಮಾಡಬೇಕು. ಮೊದಲನೆಯದು ಕೆಂಪಿನಿಂದ ಶುರುವಾಗಿದ್ದರೆ ಎರಡನೆಯದು ಹಸಿರಿನಿಂದ. ಆಗ ಎರಡನೇ ಉಂಡೆ ಎಡಕ್ಕೆ ಹಸಿರು–ಹಳದಿ ಕೊಡುತ್ತದೆ, ಬಲಕ್ಕೆ ನೀಲಿ–ಕೆಂಪು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಎರಡೂ ಕಡೆ ನಾಲ್ಕೂ ಬಣ್ಣ. ಪೇಪರಿನ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ನಾಲ್ಕು ಗೆರೆ ಎಳೆದು ನೋಡಿ, ಮಗಳನ್ನೂ ಕೂರಿಸಿಕೊಳ್ಳಿ. ಅವಳಿಗೇ ಬೇಗ ಅರ್ಥವಾಗಬಹುದು.

ಎರಡನೇ ಉಂಡೆ ತೆಗೆದಾಗ ಇನ್ನೊಂದು ಗಮನಿಸಿ. ಕೆಲವು ಉಂಡೆಯಲ್ಲಿ ಸರದಿ ತಿರುಗುಮುರುಗು ಬರುತ್ತದೆ. ಒಂದರಲ್ಲಿ ಕೆಂಪು, ಹಳದಿ, ಹಸಿರು, ನೀಲಿ ಇದ್ದರೆ ಇನ್ನೊಂದರಲ್ಲಿ ಕೆಂಪು, ನೀಲಿ, ಹಸಿರು, ಹಳದಿ. ಅದು ಸುತ್ತಿದ ದಿಕ್ಕಿನ ವ್ಯತ್ಯಾಸ, ಬೇರೇನಲ್ಲ. ಉಂಡೆಯ ಹೊರಗಿನ ತುದಿ ಬಿಟ್ಟು ಒಳಗಿನ ತುದಿಯಿಂದ ಎಳೆದುಕೊಂಡರೆ ಸರಿಹೋಗುತ್ತದೆ. ಅಗ್ಗದ ಉಂಡೆಗಳಲ್ಲಿ ನಡುವೆ ಗಂಟುಗಳೂ ಜಾಸ್ತಿ. ಗಂಟು ಬಂದ ಕಡೆ ಎರಡು ತುಂಡು ಸೇರಿಸಿರುತ್ತಾರೆ, ಬಣ್ಣದ ಕ್ರಮ ಅಲ್ಲಿ ತಪ್ಪಿರುತ್ತದೆ. ಹಳದಿ ಮುಗಿದು ಹಸಿರು ಬರಬೇಕಾದಲ್ಲಿ ದಿಢೀರಂತ ಕೆಂಪು ಬರುತ್ತದೆ. ಗಂಟು ಬಿಚ್ಚಿ, ಹಸಿರು ಸಿಗುವವರೆಗೆ ದಾರ ಬಿಟ್ಟು, ಅಲ್ಲಿಂದ ಸೇರಿಸಿ. ಒಂದೆರಡು ಮೀಟರ್ ಹಾಳಾಗುತ್ತದೆ. ಕಾಸಿಗೆ ತಕ್ಕ ಕಜ್ಜಾಯ, ಅಷ್ಟು ಬೆಲೆಗೆ ತಂದ ಮೇಲೆ ಅಷ್ಟನ್ನು ಬಿಡಲೇಬೇಕು. ಬಿಟ್ಟ ತುಂಡನ್ನು ಎಸೆಯಬೇಡಿ. ಗೊಂಬೆ ತುಂಬಲು ಬರುತ್ತದೆ.

ಕೆಲವರು ಗುಂಪು ಒಡೆಯಲು ನಡುನಡುವೆ ಒಂದೇ ಬಣ್ಣದ ದಾರದ ಸಾಲು ಹಾಕಿ ಅನ್ನುತ್ತಾರೆ. ಎರಡು ಸಾಲು ಮಲ್ಟಿಕಲರ್, ಎರಡು ಸಾಲು ಕಪ್ಪು. ನೋಡಲು ಚೆಂದ, ನನಗೂ ಇಷ್ಟ. ಆದರೆ ಒಂದು ಮಾತು. ಇದರಿಂದ ಗುಂಪು ಒಡೆಯುವುದಿಲ್ಲ. ಕಪ್ಪು ಸಾಲು ಮುಗಿಸಿ ಮತ್ತೆ ಮಲ್ಟಿಕಲರ್ ಎತ್ತಿಕೊಂಡಾಗ ಅದು ಬಿಟ್ಟಲ್ಲಿಂದಲೇ, ಅಂದರೆ ಕೆಂಪಿನಿಂದಲೇ ಶುರುವಾಗುತ್ತದೆ. ಗುಂಪು ಇದ್ದ ಹಾಗೇ ಇರುತ್ತದೆ, ಕಣ್ಣಿಗೆ ರಾಚುವುದು ಮಾತ್ರ ಕಡಿಮೆಯಾಗುತ್ತದೆ. ಕೌದಿ ಹೊಲಿಯುವವರನ್ನು ನೋಡಿದ್ದೀರಲ್ಲಾ? ಹಳೇ ಸೀರೆಯ ಝಗಝಗ ಬಣ್ಣದ ತುಂಡುಗಳ ನಡುವೆ ಒಂದು ಸಾದಾ ಪಟ್ಟಿ ಇಡುತ್ತಾರೆ. ತುಂಡುಗಳ ಬಣ್ಣವೇನೂ ಬದಲಾಗುವುದಿಲ್ಲ, ಕಣ್ಣಿಗೆ ಕೂರಲು ಒಂದು ಜಾಗ ಸಿಗುತ್ತದೆ. ಸಾದಾ ಬಣ್ಣ ಆರಿಸುವಾಗ ಕಪ್ಪು, ಅಥವಾ ನಿಮ್ಮ ಉಂಡೆಯಲ್ಲೇ ಇರುವ ಗಾಢ ಬಣ್ಣ. ನಿಮಗೆ ನೀಲಿ ಚೆನ್ನ. ಬಿಳಿ ಬೇಡ. ಬಿಳಿ ಪಕ್ಕಕ್ಕೆ ಬಂದರೆ ಅಗ್ಗದ ದಾರದ ಅಗ್ಗತನ ಇನ್ನೂ ಎದ್ದು ಕಾಣುತ್ತದೆ. ಇದು ನನ್ನ ಕಣ್ಣಿನ ಅಭಿಪ್ರಾಯ, ಒಪ್ಪದಿದ್ದರೆ ಬಿಡಿ.

ಇನ್ನು, ಈ ದಾರದಲ್ಲಿ ಪುಸ್ತಕ ನೋಡಿ ಹೂವು, ಎಲೆ, ಅನಾನಸ್ ಡಿಸೈನು ಹಾಕಲು ಹೋಗಬೇಡಿ. ದಿನಗಟ್ಟಲೆ ಕೂತು ಹಾಕಿದ ಹೂವು ಬಣ್ಣದ ಗದ್ದಲದಲ್ಲಿ ಕಾಣುವುದೇ ಇಲ್ಲ. ಮಲ್ಟಿಕಲರ್ ದಾರ ತಾನೇ ಮಾತಾಡುತ್ತದೆ, ಜೊತೆಗೆ ಡಿಸೈನೂ ಮಾತಾಡಿದರೆ ಸಂತೆಯೇ. ಸಿಂಗಲ್ ಒಳ್ಳೆಯ ಆಯ್ಕೆ. ಅದಕ್ಕಿಂತ ಒಳ್ಳೆಯದು ಒಂದು ಸಿಂಗಲ್, ಒಂದು ಚೈನ್, ಮುಂದಿನ ಸಾಲಿನಲ್ಲಿ ಆ ಚೈನ್ ಬಿಟ್ಟ ಸಂದಿಯಲ್ಲಿ ಸಿಂಗಲ್. ಇದರಲ್ಲಿ ಕೆಳಗಿನ ಸಾಲಿನ ಬಣ್ಣ ಮೇಲಿನ ಸಾಲಿನೊಳಗೆ ಇಣುಕುತ್ತದೆ, ಬಣ್ಣದ ಅಂಚು ಕರಗಿದ ಹಾಗೆ ಕಾಣುತ್ತದೆ. ಬಟ್ಟೆಯೂ ಮೆತ್ತಗೆ, ಜೋಲಾಗಿ ಬೀಳುತ್ತದೆ. ಕಂಬ, ಅಂದರೆ ಡಬಲ್ ಕ್ರೋಶಾ, ಈ ದಾರಕ್ಕೆ ಅಷ್ಟು ಒಗ್ಗುವುದಿಲ್ಲ. ಒಂದೊಂದು ಕಂಬ ಎತ್ತರವಾಗಿ ನಿಂತು ಬಣ್ಣದ ಚುಕ್ಕೆಯನ್ನು ದಪ್ಪ ಮಾಡುತ್ತದೆ. (ಇಂಗ್ಲೆಂಡಿನ ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಅವರು ಡಬಲ್ ಅನ್ನುತ್ತಾರೆ. ನಾನು ಇಲ್ಲಿ ಬರೆದದ್ದು ಅಮೆರಿಕದ ಹೆಸರು, ನಮ್ಮಲ್ಲಿ ವಿಡಿಯೋ ನೋಡಿ ಕಲಿತವರಿಗೆ ಅದೇ ರೂಢಿ.)

ಒಂದು ತಮಾಷೆ ಹೇಳಲಾ? ನಿಮ್ಮ ಈ ತಪ್ಪು ಒಂದೇ ಒಂದು ಸ್ಟಿಚ್‌ನಿಂದ ಡಿಸೈನ್ ಆಗುವುದು ತಪ್ಪಿಹೋಗಿದೆ. 35ರ ಬದಲು 34 ಇದ್ದಿದ್ದರೆ ಪ್ರತಿ ಎರಡು ಸಾಲಿಗೊಮ್ಮೆ ಬಣ್ಣ ಎರಡೇ ಸ್ಟಿಚ್ ಸರಿಯುತ್ತಿತ್ತು. ಹೋಗುವ ಸಾಲಿನ ಬಣ್ಣ ಒಂದು ಕಡೆಗೆ ಓರೆಯಾಗಿ, ಬರುವ ಸಾಲಿನ ಬಣ್ಣ ಇನ್ನೊಂದು ಕಡೆಗೆ ಓರೆಯಾಗಿ ನಡೆದು, ಎರಡೂ ಒಂದನ್ನೊಂದು ದಾಟುವಲ್ಲಿ ಕಾಜು ಬರ್ಫಿಯ ಆಕಾರದ ಚೌಕಗಳು ಮೂಡುತ್ತವೆ. ನೋಡಿದವರು ಎಷ್ಟು ಬಣ್ಣದ ದಾರ ಬದಲಿಸಿ ಹಾಕಿದ್ದಾರೋ ಅಂದುಕೊಳ್ಳಬೇಕು, ಹಾಗಿರುತ್ತದೆ. ಆದರೆ ನಿಮ್ಮ ಸ್ವೆಟರಿನಲ್ಲಿ ಪ್ರಯತ್ನಿಸಬೇಡಿ. ಒಂದು ಚೌಕ ಪೂರ್ತಿಯಾಗಲು ಈ ಉದ್ದದ ಸರದಿಗೆ ಮೂವತ್ತಕ್ಕೂ ಹೆಚ್ಚು ಸಾಲು ಬೇಕು, ಕಂಕುಳಿನ ಮೇಲೆ ನಿಮಗೆ ಇರುವುದೇ ಇಪ್ಪತ್ತು–ಇಪ್ಪತ್ತೈದು. ಇದಕ್ಕೆ ಒಂದು ಮೀಟರಿನ ಆಸುಪಾಸಿನ ಚಿಕ್ಕ ಸರದಿಯ ದಾರ ಹುಡುಕಿ, ಮಫ್ಲರ್ ಹಾಕಿ. ಪ್ರತಿ ಸಾಲಿನ ಕೊನೆಗೆ ಬಣ್ಣ ಎಲ್ಲಿ ಬಿತ್ತು ಅಂತ ನೋಡಬೇಕು, ಒಂದು ಸ್ಟಿಚ್ ಹೆಚ್ಚುಕಮ್ಮಿ ಆದರೆ ಸ್ವಲ್ಪ ಬಿಗಿ ಮಾಡಿಯೋ ಸಡಿಲ ಮಾಡಿಯೋ ದಾರಿಗೆ ತರಬೇಕು. ನಾನು ಒಂದೇ ಒಂದು ಮಫ್ಲರ್ ಮಾಡಿದ್ದೇನೆ. ಟಿವಿ ನೋಡುತ್ತಾ, ಮಾತಾಡುತ್ತಾ ಹಾಕುವ ಕೆಲಸ ಅದಲ್ಲ. ಇನ್ನೊಂದು ಮಾಡಲಾರೆ.

ಈಗ ಚುಚ್ಚುವ ವಿಷಯಕ್ಕೆ ಬರುತ್ತೇನೆ.

ನಾವು ಬಾಯಿತುಂಬಾ ಉಲ್ಲನ್ ಅನ್ನುತ್ತೇವೆ, ಆದರೆ ಇದರಲ್ಲಿ ಉಣ್ಣೆ ಇಲ್ಲ. ನನ್ನ ತವರು ಚಳ್ಳಕೆರೆ ಕಡೆ. ಕಂಬಳಿಗೆ ಹೆಸರಾದ ಊರು. ಕುರಿ ಉಣ್ಣೆಯ ಕಂಬಳಿಗೆ ಹುಣಸೆಬೀಜದ ಸರಿ ಹಾಕುವ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಆ ಉಣ್ಣೆಗೂ ಈ ಉಲ್ಲನ್‌ಗೂ ಸಂಬಂಧವೇ ಇಲ್ಲ. ಇದು ಅಕ್ರಿಲಿಕ್, ಪೆಟ್ರೋಲಿಯಂನಿಂದ ಬರುವ ಒಂದು ಬಗೆಯ ಪ್ಲಾಸ್ಟಿಕ್ ಎಳೆ. ಅಮೆರಿಕದ ಡ್ಯುಪಾಂಟ್ ಕಂಪನಿ 1950ರಲ್ಲಿ ಓರ್ಲಾನ್ ಅನ್ನುವ ಹೆಸರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿತು. ಇವತ್ತು ನಮ್ಮ ಅಂಗಡಿಗಳಿಗೆ ಬರುವ ಉಲ್ಲನ್‌ನಲ್ಲಿ ಬಹುಪಾಲು ಪಂಜಾಬಿನ ಲೂಧಿಯಾನ ಕಡೆಯದು. ಅನುಮಾನ ಇದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ, ಕಡ್ಡಿ ಗೀರಿ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಕಲ್ಲಿನಂಥ ಕರಿ ಗುಂಡಾಗುತ್ತದೆ.

ಆ ಕರಿ ಗುಂಡು ನೆನಪಿರಲಿ. ಅಕ್ರಿಲಿಕ್‌ನಲ್ಲಿ ಏನು ಮಾಡಬಾರದು ಅನ್ನುವುದೆಲ್ಲ ಅದರಲ್ಲೇ ಇದೆ. ಮಸಿಬಟ್ಟೆ ಮಾಡಬಾರದು. ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಹತ್ತಿ ದಾರವೇ ಬೇಕು. ಬಾಗಿಲಿಗೆ ತೋರಣ ಮಾಡಿ, ಚೆಂದ ಕಾಣುತ್ತದೆ, ಈ ಬಣ್ಣಗಳಿಗೆ ತೋರಣದಂಥ ಜಾಗ ಇನ್ನೊಂದಿಲ್ಲ. ಆದರೆ ದೇವರ ಮನೆಯಲ್ಲಿ ದೀಪದ ಹತ್ತಿರ ಕಟ್ಟಬೇಡಿ.

ಚುಚ್ಚುವುದಕ್ಕೆ ಎರಡು ಕಾರಣ ಇರುತ್ತದೆ. ಅಗ್ಗದ ದಾರದಲ್ಲಿ ಎಳೆ ಒರಟು, ಅದು ಒಂದು. ಇನ್ನೊಂದು, ಅಕ್ರಿಲಿಕ್ ತೇವ ಹೀರುವುದಿಲ್ಲ. ನೂರು ಗ್ರಾಂ ಹತ್ತಿ ಸುಮ್ನೆ ಗಾಳಿಯಿಂದಲೇ ಎಂಟು ಗ್ರಾಂನಷ್ಟು ತೇವ ಎಳೆದುಕೊಂಡಿರುತ್ತದೆ. ಉಣ್ಣೆ ಅದರ ಎರಡರಷ್ಟು. ಅಕ್ರಿಲಿಕ್ ಒಂದೆರಡು ಗ್ರಾಂ. ಮಗು ಓಡಾಡಿ ಬೆವರಿದರೆ ಬೆವರು ಚರ್ಮದ ಮೇಲೇ ನಿಲ್ಲುತ್ತದೆ, ಆಗ ಕತ್ತು ಇನ್ನೂ ಕಚ್ಚುತ್ತದೆ. ಸ್ವೆಟರ್ ತೆಗೆಯುವಾಗ ಚಟಚಟ ಅಂದು ಕೂದಲು ನಿಲ್ಲುವುದೂ ಇದೇ ಕಾರಣಕ್ಕೆ. ನಮ್ಮ ಡಿಸೆಂಬರ್–ಜನವರಿಯ ಒಣ ಬೆಳಗಿನಲ್ಲಿ ಇದು ಜಾಸ್ತಿ.

ಮೊದಲ ಕಾರಣಕ್ಕೆ ಮದ್ದು ಇದೆ. ಹೆಣೆದು ಮುಗಿಸಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ಒಗೆಯಿರಿ, ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಕೊನೆಯ ನೀರಿಗೆ ಬಟ್ಟೆಗೆ ಹಾಕುವ ಕಂಡಿಷನರ್ ಒಂದು ಮುಚ್ಚಳ ಹಾಕಿ ಹತ್ತು ನಿಮಿಷ ಬಿಡಿ. ಅದು ಎಳೆಯ ಮೇಲೆ ತೆಳ್ಳಗೆ ಕೂರುತ್ತದೆ. ಚಟಚಟವೂ ಕಡಿಮೆ, ಒರಟೂ ಕಡಿಮೆ. ಎರಡು ಮೂರು ಒಗೆತಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ನೇತುಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಚಾಪೆಯ ಮೇಲೆ ಹರವಿ, ನೆರಳಲ್ಲಿ ಒಣಗಿಸಿ. ಎರಡನೆಯದಕ್ಕೆ ಮದ್ದು ಇಲ್ಲ. ಒಳಗೆ ಕಾಲರ್ ಇರುವ ಹತ್ತಿ ಅಂಗಿ ಹಾಕಿ, ಅಷ್ಟೇ. ಕತ್ತಿನ ಪಟ್ಟಿಯನ್ನು ಮಾತ್ರ ಬೇರೆ, ಮೆತ್ತನೆಯ ಸಾದಾ ದಾರದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ‘ಬೇಬಿ’ ಅಂತ ಬರೆದಿರುವ ಉಂಡೆ ಒಂದು ಸಾಕು. ದಪ್ಪ ನಿಮ್ಮ ದಾರದಷ್ಟೇ ಇದೆಯಾ ಅಂತ ಎರಡೂ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿ ತನ್ನಿ.

ಇಸ್ತ್ರಿ ಮಾತ್ರ ಮುಟ್ಟಿಸಬೇಡಿ. ಇದನ್ನು ನಾನು ಓದಿ ಕಲಿತದ್ದಲ್ಲ. ಮದುವೆಯಾದ ಹೊಸತು. ನಾದಿನಿಯ ಸೀಮಂತಕ್ಕೆ ಅಂತ ಎರಡು ತಿಂಗಳು ಕೂತು ಒಂದು ಶಾಲು ಹಾಕಿದ್ದೆ, ಗುಲಾಬಿ ಮತ್ತು ನೇರಳೆ. ಅಂಚು ಸುರುಟಿಕೊಂಡಿತ್ತು. ನೇರ ಮಾಡೋಣ ಅಂತ ಹೋಗುವ ದಿನ ಬೆಳಗ್ಗೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಕ್ಷಣ ಮಾತ್ರ. ಪೆಟ್ಟಿಗೆ ಎತ್ತಿದರೆ ಅದರ ಆಕಾರಕ್ಕೆ ಸರಿಯಾಗಿ ಒಂದು ಜಾಗ ಪಳಪಳ ಹೊಳೆಯುತ್ತಿತ್ತು. ಮುಟ್ಟಿದರೆ ಮೇಣಬಟ್ಟೆ. ಉಬ್ಬು ಹೋಗಿ ಚಪ್ಪಟೆಯಾಗಿತ್ತು, ಅದು ಮತ್ತೆ ಏಳುವುದಿಲ್ಲ. ಬಿಚ್ಚಿ ಹಾಕೋಣ ಅಂದರೆ ದಾರ ದಾರಕ್ಕೆ ಅಂಟಿಕೊಂಡಿತ್ತು. ಆ ಸೀಮಂತಕ್ಕೆ ಬೆಣ್ಣೆದೋಸೆ ತಿಂದು ಬಂದೆ, ಶಾಲು ಕೊಡಲಿಲ್ಲ. ಸುರುಟಿದ ಅಂಚು ನೇರ ಆಗಬೇಕು ಅಂದರೆ ಒದ್ದೆ ಇರುವಾಗ ಗುಂಡುಸೂಜಿ ಚುಚ್ಚಿ ಅಳತೆಗೆ ಎಳೆದು ಒಣಗಿಸಿ. ಹಬೆ ಬರುವ ಇಸ್ತ್ರಿ ಇದ್ದರೆ ಬಟ್ಟೆಯಿಂದ ಎರಡು ಇಂಚು ಮೇಲೆ ಹಿಡಿದು ಹಬೆ ಮಾತ್ರ ಬಿಡಬಹುದು. ಮೊದಲು ಒಂದು ಬೇರೆ ತುಂಡಿನ ಮೇಲೆ ನೋಡಿಕೊಳ್ಳಿ.

ಅತ್ತೆಯವರ ಮಾತಿಗೂ ಒಂದು ಉತ್ತರ ಬೇಕಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಇದು ಅಗ್ಗದ ದಾರವೇ. ಜುಂಗು ಏಳುತ್ತದೆ, ಒಂದೆರಡು ವರ್ಷಕ್ಕೆ ಮೈತುಂಬ ಸಣ್ಣ ಗುಳ್ಳೆ ಕಟ್ಟುತ್ತದೆ. ಮೊಮ್ಮಕ್ಕಳಿಗೆ ಎತ್ತಿಡುವ ಸ್ವೆಟರ್ ಬೇಕಿದ್ದರೆ ಅವರು ಹೇಳಿದ ಹಾಗೆ ಒಳ್ಳೆಯ ದಾರಕ್ಕೆ ದುಡ್ಡು ಹಾಕಬೇಕು. ಆದರೆ ನಾಲ್ಕು ವರ್ಷದ ಮಗು ಬರುವ ಚಳಿಗಾಲಕ್ಕೆ ಈ ಸ್ವೆಟರಿಗೆ ದೊಡ್ಡದಾಗಿರುತ್ತದೆ. ಮಣ್ಣಲ್ಲಿ ಆಡುತ್ತದೆ, ಅದರ ಮೇಲೆ ಸಾರು ಚೆಲ್ಲಿಕೊಳ್ಳುತ್ತದೆ. ಮೆಷಿನ್ನಿಗೆ ಹಾಕಿದರೂ ಕುಗ್ಗದ, ನುಸಿ ತಿನ್ನದ, ಬಣ್ಣ ಅಷ್ಟು ಸುಲಭಕ್ಕೆ ಬಿಡದ ದಾರ ಇದು. ಅಂಥ ಕೆಲಸಕ್ಕೆ ಇದೇ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಎಣಿಸದೆ ಹಾಕಿ ದಾರವನ್ನು ಬೈದರೆ ಅದೇ ಕತೆ, ಅಲ್ವಾ?

ಬೆನ್ನು ಮುಗಿಸಿ ಮುಂದಿನ ಭಾಗಕ್ಕೆ ಬಂದಾಗ ಇನ್ನೊಂದು ಕಡೆ ನೀವು ಬೆಚ್ಚಿ ಬೀಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಕಂಕುಳವರೆಗೆ 45 ಇರುತ್ತದೆ, ತೊಂದರೆ ಇಲ್ಲ. ಅಲ್ಲಿಂದ ಕತ್ತಿನ ಕೆಳಗಿನವರೆಗೆ ಎರಡು ಉಂಡೆ. ಕತ್ತಿಗೆ ನಡುವಿನ 13 ಬಿಟ್ಟರೆ ಎರಡು ಕಡೆ 11–11 ಸ್ಟಿಚ್‌ನ ಭುಜದ ಪಟ್ಟಿ ಉಳಿಯುತ್ತದೆ. 11 ಸ್ಟಿಚ್‌ಗೆ ಹೋಗುವುದು 44 ಸೆಂ.ಮೀ., ಒಂದು ಬಣ್ಣ ಇರುವುದು 70. ಅಲ್ಲಿ ಬಣ್ಣ ಬೆರೆಯುವುದೇ ಇಲ್ಲ, ಒಂದೂವರೆ ಸಾಲಿಗೆ ಒಂದು ಬಣ್ಣದ ಹಾಗೆ ಅಡ್ಡಪಟ್ಟಿ ಬೀಳುತ್ತದೆ. ಎರಡು ಉಂಡೆ ಬದಲಿಸಿದರೂ ಪಟ್ಟಿಯೇ. ಅದನ್ನು ತಪ್ಪಿಸಲು ಒದ್ದಾಡಬೇಡಿ. ಒಂದೇ ಉಂಡೆಯಲ್ಲಿ ಹಾಕಿ, ಆದರೆ ಎರಡೂ ಭುಜವನ್ನು ಒಂದೇ ಬಣ್ಣದಿಂದ ಶುರು ಮಾಡಿ. ಎಡ ಭುಜ ನೀಲಿಯ ಮೊದಲ ಎಳೆಯಿಂದ ಶುರುವಾಗಿದ್ದರೆ, ಬಲ ಭುಜಕ್ಕೂ ಉಂಡೆ ಬಿಡಿಸಿ ನೀಲಿಯ ಮೊದಲ ಎಳೆ ಹುಡುಕಿ ಸೇರಿಸಿ. ಎರಡೂ ಭುಜದ ಪಟ್ಟಿ ಒಂದಕ್ಕೊಂದು ಕೂಡಿ ಬರುತ್ತದೆ, ಬೇಕಂತಲೇ ಮಾಡಿದ್ದು ಅಂತ ಕಾಣುತ್ತದೆ. ಬಲ ಭುಜವನ್ನು ಕತ್ತಿನ ಕಡೆಯಿಂದ ಶುರು ಮಾಡಿದ್ದೀರೋ ತೋಳಿನ ಕಡೆಯಿಂದಲೋ ಅನ್ನುವುದೂ ಎಡಕ್ಕೆ ಹೊಂದಬೇಕು. ಎಡ ಭುಜ ತೋಳಿನ ಕಡೆಯಿಂದ ಶುರುವಾಗಿದ್ದರೆ ಬಲವೂ ತೋಳಿನ ಕಡೆಯಿಂದಲೇ.